ಜಾರುವ ಕಲೆ: ಬಳಕೆದಾರರ ಕೈಪಿಡಿ

ಅಮೆರಿಕದ ವಿಶ್ವವಿದ್ಯಾಲಯವೊಂದರ ಕ್ರೀಡಾ ವಿಭಾಗಕ್ಕೆ ಹೊಸದಾಗಿ ಸೇರಿದ ಮಾನ್ಯ ಅಧಿಕಾರಿಗಳೇ, ಐಸ್ ಹಾಕಿ ತಂಡವೊಂದರ ಉಸ್ತುವಾರಿ ವಹಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಈ ಕೈಪಿಡಿಯನ್ನು ಮಿಕ್ಸಿಯ ಜೊತೆ ಬರುವ ಪುಸ್ತಿಕೆಯಂತೆ ಅಟ್ಟದ ಮೇಲೆ ಎಸೆಯಬೇಡಿ. ಮಿಕ್ಸಿ ಕೆಟ್ಟರೆ ಚಟ್ನಿ ತಪ್ಪುತ್ತದೆ, ಅಷ್ಟೆ. ಇಲ್ಲಿ ಕೆಡುವುದು ಯಾರದೋ ಕುತ್ತಿಗೆ.

ಕೈಪಿಡಿ ಅಕಸ್ಮಾತ್ ಕನ್ನಡದವರ ಕೈಗೆ ಸಿಕ್ಕಿದರೆ ಒಂದು ಮಾತು. ಹಾಕಿ ಎಂದೊಡನೆ ನಿಮಗೆ ಕೊಡಗಿನ ಮೈದಾನ, ಮನೆತನದ ಹೆಸರು ಹೊತ್ತು ಆಡುವ ತಂಡಗಳು, ಅಜ್ಜ ಮೊಮ್ಮಗ ಒಟ್ಟಿಗೆ ಕೋಲು ಹಿಡಿದ ಚಿತ್ರ ಕಣ್ಣಿಗೆ ಬರುತ್ತದೆ. ಇದು ಆ ಹಾಕಿಯಲ್ಲ. ಇಲ್ಲಿ ನೆಲವೇ ಜಾರುತ್ತದೆ. ನೆಲ ಜಾರುವ ಕಡೆ ಮಿಕ್ಕಿದ್ದೂ ಜಾರುವುದು ಸಹಜ ಎಂಬ ತತ್ವದ ಮೇಲೆ ಈ ಕೈಪಿಡಿ ನಿಂತಿದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಇನ್ನೂರು ಅಡಿ ಉದ್ದ, 85 ಅಡಿ ಅಗಲದ ಹಿಮದ ಹಾಸು. ಸುತ್ತ ಗೋಡೆ, ಗೋಡೆಯ ಮೇಲೆ ಗಾಜು. ಗೋಲ್‌ಕೀಪರನ್ನೂ ಸೇರಿಸಿ ಒಂದೊಂದು ಕಡೆ ಆರು ಹುಡುಗರು, ಕಾಲಿಗೆ ಉಕ್ಕಿನ ಅಲಗು, ಕೈಯಲ್ಲಿ ಕೋಲು, ಮುಖಕ್ಕೆ ಪೂರ್ತಿ ಪಂಜರ. ಈ ಪಂಜರವನ್ನು ಗಮನಿಸಿ. ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಇದು ಕಡ್ಡಾಯವಲ್ಲ, ಕಾಲೇಜಿನಲ್ಲಿ ಕಡ್ಡಾಯ. ಕಬ್ಬಿಣಕ್ಕೆ ಗುದ್ದಿದರೆ ಗುದ್ದಿದವನ ಬೆರಳೇ ಮುರಿಯುವುದರಿಂದ ಮುಷ್ಟಿಯುದ್ಧ ಇಲ್ಲಿ ಲಾಭದ ಬಾಬಲ್ಲ.

ನಿಯಮವೂ ಹಾಗೇ ಇದೆ. ಎನ್‌ಎಚ್‌ಎಲ್‌ನಲ್ಲಿ ಇಬ್ಬರು ಕೈಗವಸು ಬಿಸಾಡಿ ಬಡಿದಾಡಿದರೆ ಐದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತು, ನೀರು ಕುಡಿದು, ಮತ್ತೆ ಆಟಕ್ಕೆ ಬರುತ್ತಾರೆ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಅಷ್ಟು ಉದಾರಿಯಲ್ಲ. ಬಡಿದಾಡಿದವನು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯದಿಂದಲೂ ಹೊರಗೆ. ಮತ್ತೆ ಮಾಡಿದರೆ ಶಿಕ್ಷೆ ಬೆಳೆಯುತ್ತದೆ. ಹೀಗಾಗಿ ನಿಮ್ಮ ಮಾರಾಟದ ಕರಪತ್ರದಲ್ಲಿ "ಕಾಲೇಜು ಹಾಕಿಯಲ್ಲಿ ಬಡಿದಾಟವಿಲ್ಲ" ಎಂದು ಧಾರಾಳವಾಗಿ ಅಚ್ಚುಹಾಕಿಸಬಹುದು. ಅದು ಹೆಚ್ಚುಕಡಿಮೆ ನಿಜವೇ. ಮುಷ್ಟಿಗೆ ಬಾಗಿಲು ಮುಚ್ಚಿದಾಗ ಸಿಟ್ಟು ಕಿಟಕಿಯಿಂದ ಬರುತ್ತದೆ, ಅಂದರೆ ಹಿಂದಿನಿಂದ ತಳ್ಳಿ ಗೋಡೆಗೆ ಅಪ್ಪಳಿಸುವುದು, ಕೋಲಿನಿಂದ ಬೀಸುವುದು, ತಲೆಗೆ ಮೊಣಕೈ. ಅದನ್ನು ಅಚ್ಚುಹಾಕಿಸುವ ಅಗತ್ಯವಿಲ್ಲ.

ವೈರವನ್ನು ಜೋಡಿಸುವ ವಿಧಾನ

ಹತ್ತಿರದಲ್ಲೇ ಇರುವ ಇನ್ನೊಂದು ಕಾಲೇಜನ್ನು ಆರಿಸಿಕೊಳ್ಳಿ. ಮಿಶಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ಗೂ ಮಿಶಿಗನ್ ಸ್ಟೇಟ್ ಇರುವ ಈಸ್ಟ್ ಲ್ಯಾನ್ಸಿಂಗ್‌ಗೂ ಸುಮಾರು 100 ಕಿಲೋಮೀಟರ್, ಬೆಂಗಳೂರಿನಿಂದ ಮಂಡ್ಯಕ್ಕೆ ಹೋದಷ್ಟು. ದಾಯಾದಿ ಕಲಹಕ್ಕೆ ಹೇಳಿ ಮಾಡಿಸಿದ ದೂರ. ಒಂದೇ ಮನೆಯಲ್ಲಿ ಅಣ್ಣ ಅಲ್ಲಿ ಓದಿರುತ್ತಾನೆ, ತಂಗಿ ಇಲ್ಲಿ.

ಮೊದಲಿಗೆ ವಿದ್ಯಾರ್ಥಿಗಳಿಗೆ ಬೈಗುಳ ಕಲಿಸಿ. ಕಲಿಸುವುದೇನು, ಅವರೇ ಕಲಿತಿರುತ್ತಾರೆ, ನೀವು ಕೇಳಿಸಲಿಲ್ಲ ಎಂಬಂತಿದ್ದರೆ ಸಾಕು. ಎದುರು ತಂಡದವನು ಪೆನಾಲ್ಟಿ ಬಾಕ್ಸಿಗೆ ಹೋಗುವಾಗ ಸಾವಿರಾರು ಕಂಠ ಒಟ್ಟಿಗೆ ಕೂಗುವುದನ್ನು "ಪರಂಪರೆ" ಎಂದು ಕರೆಯಬೇಕು. ಈ ವಿಷಯದಲ್ಲಿ ಕಾರ್ನೆಲ್‌ನವರದು ಮಾದರಿ. 1970ರ ದಶಕದಲ್ಲಿ, ಕಾರ್ನೆಲ್‌ನಲ್ಲಿ ಕೃಷಿ ಕಾಲೇಜಿದೆ ಎಂಬುದನ್ನು ಆಡಿಕೊಳ್ಳಲು ಹಾರ್ವರ್ಡ್‌ನವರು ಕೋಳಿ ತಂದರಂತೆ. ಅದಕ್ಕೆ ಉತ್ತರವಾಗಿ ಕಾರ್ನೆಲ್‌ನವರು ಕಡಲ ತೀರದ ಹಾರ್ವರ್ಡ್‌ಗೆ ಮೀನು ಎಸೆದರು. ಈಗಲೂ ಹಾರ್ವರ್ಡ್ ತಂಡ ಬಂದರೆ ಹಿಮದ ಮೇಲೆ ಮೀನು ಬೀಳುತ್ತದೆ. ಮಂಗಳೂರಿನವರಿಗೆ ಹೊಟ್ಟೆ ಉರಿಯುವ ಸಂಗತಿ ಇದು, ಆದರೆ ಯಾರ ಕುತ್ತಿಗೆಯೂ ಮುರಿಯುವುದಿಲ್ಲ. ಕೈಪಿಡಿಯ ಕರ್ತೃವಿಗೆ ಮೀನಿನ ಬಗ್ಗೆ ಯಾವ ತಕರಾರೂ ಇಲ್ಲ.

ತಂಡದ ಹೆಸರಿನ ಕಡೆಗೂ ಗಮನವಿರಲಿ. ನಾರ್ತ್ ಡಕೋಟ ವಿಶ್ವವಿದ್ಯಾಲಯದ ತಂಡವನ್ನು ದಶಕಗಳ ಕಾಲ "ಫೈಟಿಂಗ್ ಸೂ" ಎನ್ನುತ್ತಿದ್ದರು. ಮೂಲನಿವಾಸಿ ಜನಾಂಗವೊಂದರ ಹೆಸರನ್ನು ಹೀಗೆ ಬಳಸುವುದು ಅವಮಾನ ಎಂಬ ದೀರ್ಘ ವಿವಾದದ ನಂತರ 2012ರಲ್ಲಿ ಅದನ್ನು ಕೈಬಿಟ್ಟರು. 2015ರಲ್ಲಿ ಹೊಸ ಹೆಸರು ಬಂತು: "ಫೈಟಿಂಗ್ ಹಾಕ್ಸ್". ಸೂ ಹೋಯಿತು, ಗಿಡುಗ ಬಂತು, ಫೈಟಿಂಗ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಜೋಡಣೆ ಸರಿಯಾಗಿದೆಯೇ ಎಂದು ತಿಳಿಯಲು ಟಿಕೆಟ್ ಲೆಕ್ಕ ನೋಡಿ. 2001ರ ಅಕ್ಟೋಬರಿನಲ್ಲಿ ಮಿಶಿಗನ್ ಸ್ಟೇಟ್‌ನವರು ಫುಟ್‌ಬಾಲ್ ಮೈದಾನದಲ್ಲಿ ಹಿಮ ಹಾಸಿ ಮಿಶಿಗನ್‌ನವರನ್ನು ಕರೆದಾಗ 74 ಸಾವಿರಕ್ಕೂ ಹೆಚ್ಚು ಜನ ಬಂದರು. ಪಂದ್ಯಕ್ಕೆ ಇಟ್ಟ ಹೆಸರು "ಶೀತಲ ಸಮರ". ಮೂರು-ಮೂರು ಗೋಲಿಗೆ ಸಮವಾಯಿತು, ಆದರೆ ಗಲ್ಲಾಪೆಟ್ಟಿಗೆ ಗೆದ್ದಿತು. ವೈರ ಬೇಕಾಗುವುದು ಇಲ್ಲಿಗೆ.

ಪೆಟ್ಟಾದಾಗ

ಈ ಭಾಗಕ್ಕಾಗಿಯೇ ನೀವು ಕೈಪಿಡಿ ತೆರೆದಿರುತ್ತೀರಿ.

ಮೊದಲ ಪಾಠ ವ್ಯಾಕರಣದ್ದು. "ಹೊಡೆದ" ಎಂದು ಎಂದೂ ಹೇಳಬೇಡಿ. ಹೊಡೆದ ಎಂದರೆ ಕೇಳಿದವರು "ಯಾರು?" ಎನ್ನುತ್ತಾರೆ. "ಪೆಟ್ಟಾಯಿತು" ಎನ್ನಿ, "ಅಯ್ಯೋ ಪಾಪ" ಎನ್ನುತ್ತಾರೆ. ಕನ್ನಡದಲ್ಲಿ ಈ ಸೌಲಭ್ಯ ಮೊದಲಿನಿಂದಲೂ ಇದೆ. ಲೋಟ ಬಿತ್ತು, ಹಾಲು ಚೆಲ್ಲಿತು, ಬೆಕ್ಕು ನೋಡುತ್ತಾ ನಿಂತಿದೆ. ಇಂಗ್ಲಿಷಿನವರು ಇದೇ ಕೆಲಸಕ್ಕೆ ಒಂದು ಇಡೀ ಪತ್ರಿಕಾ ವಿಭಾಗವನ್ನು ಸಂಬಳ ಕೊಟ್ಟು ಸಾಕಬೇಕಾಗಿದೆ.

ಹೇಳಿಕೆಯಲ್ಲಿ ಮೂರು ವಾಕ್ಯ ಸಾಕು. ಆಟದ ಬಿಸಿಯಲ್ಲಿ ನಡೆದದ್ದು. ಹುಡುಗ ಸ್ವಭಾವತಃ ಅಂಥವನಲ್ಲ. ಗಾಯಾಳುವಿನ ಕುಟುಂಬಕ್ಕಾಗಿ ಪ್ರಾರ್ಥಿಸುತ್ತೇವೆ. ಹಿಮದ ಮೇಲೆ ಬಿಸಿ ಎಲ್ಲಿಂದ ಬಂತು ಎಂದು ಇದುವರೆಗೆ ಯಾವ ವರದಿಗಾರನೂ ಕೇಳಿಲ್ಲ, ಕೇಳಲಾರ.

ಆಮೇಲೆ ಜವಾಬ್ದಾರಿಯನ್ನು, ಇಲ್ಲಿ ಚೆಂಡಿನ ಬದಲು ಬಳಸುವ ಪಕ್‌ನಂತೆ, ದಾಟಿಸಿ. ಆಟಗಾರನು ಕೋಚ್‌ಗೆ, ಕೋಚ್ ರೆಫರಿಗೆ, ರೆಫರಿ ಲೀಗಿಗೆ, ಲೀಗು ಸಮಿತಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಮ್ಮ ಹಳ್ಳಿಯವರು ಗಾದೆಯಲ್ಲೇ ಮುಗಿಸಿದರು. ಹಾಕಿಯವರು ಅದನ್ನು ನ್ಯಾಯಾಲಯದವರೆಗೆ ಒಯ್ದು ತೋರಿಸಿದ್ದಾರೆ. ಹಾರ್ವರ್ಡ್‌ನಲ್ಲಿ ಓದುತ್ತ ಕಾಲೇಜು ಹಾಕಿ ಆಡಿ ಎನ್‌ಎಚ್‌ಎಲ್‌ಗೆ ಹೋದ ಸ್ಟೀವ್ ಮೂರ್, 2004ರ ಫೆಬ್ರವರಿಯಲ್ಲಿ ವ್ಯಾಂಕೂವರ್‌ನ ನಾಯಕನಿಗೆ ಢಿಕ್ಕಿ ಹೊಡೆದು ಕೆಡವಿದ. ಮಾರ್ಚ್ 8ರಂದು ಅದೇ ತಂಡದ ಟಾಡ್ ಬರ್ಟುಜ್ಜಿ ಅವನನ್ನು ಬೆನ್ನಟ್ಟಿ ಹಿಂದಿನಿಂದ ಗುದ್ದಿ ಹಿಮಕ್ಕೆ ಒತ್ತಿದ. ಮೂರ್‌ನ ಕುತ್ತಿಗೆಯ ಮೂಳೆಗಳು ಮುರಿದವು, ಅವನು ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಬರ್ಟುಜ್ಜಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ, ಸಿಕ್ಕಿದ್ದು ಒಂದು ವರ್ಷದ ಪ್ರೊಬೇಷನ್ ಮತ್ತು 80 ಗಂಟೆ ಸಮಾಜಸೇವೆ. ಮೂರ್ ಪರಿಹಾರಕ್ಕೆ ದಾವೆ ಹೂಡಿದಾಗ ಬರ್ಟುಜ್ಜಿ ತನ್ನದೇ ಕೋಚ್ ಮೇಲೆ ಪ್ರತಿಯಾಗಿ ದಾವೆ ಹೂಡಿದ. ಪಾಸ್ ಎಂದರೆ ಅದು! ಎಲ್ಲ ಮುಗಿದು ರಾಜಿಯಾದದ್ದು 2014ರಲ್ಲಿ. ಮೊತ್ತ ಗುಟ್ಟಾಗಿಯೇ ಉಳಿಯಿತು.

ಹಾಗೆ ಹತ್ತು ವರ್ಷ ಎಳೆಯುವ ತಾಳ್ಮೆ ನಿಮ್ಮಲ್ಲಿ ಇರಬೇಕು. ಕಾಲೇಜಿನಲ್ಲಿ ಇದು ಇನ್ನೂ ಸುಲಭ, ಏಕೆಂದರೆ ನಾಲ್ಕು ವರ್ಷದಲ್ಲಿ ಹುಡುಗನೇ ಪದವಿ ಪಡೆದು ಹೊರಟುಹೋಗುತ್ತಾನೆ.

ದೋಷ ಕಂಡುಬಂದ ಒಂದು ಪ್ರಕರಣ

ಯಂತ್ರ ಯಾವಾಗಲೂ ಹೇಳಿದಂತೆ ಕೇಳುವುದಿಲ್ಲ. ಮುಂದಿನ ಪ್ರಸಂಗವನ್ನು ಗಮನವಿಟ್ಟು ಓದಿ, ಅನುಸರಿಸಬೇಡಿ.

2009ರ ಜನವರಿ 24, ಆನ್ ಆರ್ಬರ್‌ನ ಯೋಸ್ಟ್ ಅಂಗಳ. ಮಿಶಿಗನ್‌ನ ರಕ್ಷಣಾ ಆಟಗಾರ ಸ್ಟೀವನ್ ಕ್ಯಾಂಫರ್‌ಗೆ ಮೂರೇ ತಿಂಗಳ ಹಿಂದೆ, ಆಟಕ್ಕೆ ಸಂಬಂಧವಿಲ್ಲದ ಘಟನೆಯೊಂದರಲ್ಲಿ, ತಲೆಬುರುಡೆ ಬಿರಿದಿತ್ತು. ಗುಣವಾಗಿ ಮರಳಿದ್ದ. ಕೊನೆಯ ಹಂತದಲ್ಲಿ ಅವನು ಮಿಶಿಗನ್ ಸ್ಟೇಟ್‌ನ ಕೋರಿ ಟ್ರಾಪ್‌ಗೆ ಮೈಕೊಟ್ಟು ಹಾಯ್ದ. ಹಾಕಿಯಲ್ಲಿ ಅದು ದಿನದ ಊಟ. ಮರುಕ್ಷಣ ಸ್ಟೇಟ್‌ನ ಆಂಡ್ರ್ಯೂ ಕಾನ್‌ಬಾಯ್ ಹಿಂದಿನಿಂದ ಬಂದು ಗುದ್ದಿದ, ಕ್ಯಾಂಫರ್ ಬಿದ್ದ. ಬಿದ್ದವನ ಕುತ್ತಿಗೆಯ ಕಡೆಗೆ ಟ್ರಾಪ್ ಕೋಲು ಬೀಸಿದ.

ಈ ಕೈಪಿಡಿಯ ಪ್ರಕಾರ ಸ್ಟೇಟ್‌ನ ಕೋಚ್ ರಿಕ್ ಕಾಮ್ಲಿ "ವಿಡಿಯೊ ಇನ್ನೂ ನೋಡಿಲ್ಲ" ಎನ್ನಬೇಕಿತ್ತು. ಲೀಗ್ ಏನು ಮಾಡುತ್ತದೋ ಕಾದು ನೋಡಬೇಕಿತ್ತು. ಲೀಗ್ ಎರಡು ಪಂದ್ಯದ ನಿಷೇಧ ಹೇಳಿದ್ದರೆ ಒಂದಕ್ಕಿಳಿಸಲು ಚೌಕಾಸಿ ಮಾಡಬೇಕಿತ್ತು. ಎರಡು ವರ್ಷದ ಹಿಂದಷ್ಟೇ, 2007ರಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಮನುಷ್ಯ ಆತ, ಅವನ ಮಾತಿಗೆ ಅಷ್ಟು ಬೆಲೆಯಾದರೂ ಇತ್ತು. ಕಾಮ್ಲಿ ಮಾಡಿದ್ದೇ ಬೇರೆ. ವಾರ ತುಂಬುವ ಮೊದಲೇ ತನ್ನಿಬ್ಬರು ಹುಡುಗರನ್ನೂ ಉಳಿದ ಋತುವಿಡೀ ಹೊರಗಿಟ್ಟ.

ಆ ವರ್ಷ ಸ್ಟೇಟ್ ಸೋಲುತ್ತಲೇ ಇತ್ತು, ಗೆಲ್ಲುವ ವರ್ಷವಾಗಿದ್ದರೆ ಇಷ್ಟು ಧಾರಾಳ ಬರುತ್ತಿತ್ತೇ ಎಂದು ಗೊಣಗುವವರಿರಬಹುದು. ಗೊಣಗಲಿ. ಕೈಕೆಳಗಿನ ಹುಡುಗನ ತಪ್ಪನ್ನು ಸೋತ ವರ್ಷದಲ್ಲೂ ಒಪ್ಪಿಕೊಳ್ಳದವರನ್ನು ನಾವು ಸಾಕಷ್ಟು ಕಂಡಿದ್ದೇವೆ.

ಇನ್ನೂ ಮುಜುಗರದ ವಿಷಯ ಮುಂದಿದೆ. ಶಿಕ್ಷೆ ಕೊಟ್ಟರೆ ಹುಡುಗನ ಬಾಳು ಹಾಳಾಗುತ್ತದೆ ಎಂಬುದು ನಮ್ಮ ಕೈಪಿಡಿಯ ಆಧಾರಸ್ತಂಭ. ಕಾನ್‌ಬಾಯ್ ಕಾಲೇಜು ಬಿಟ್ಟು ವೃತ್ತಿಪರ ಹಾಕಿಯ ದಾರಿ ಹಿಡಿದ. ಟ್ರಾಪ್ ಮಾತ್ರ ಶಿಕ್ಷೆ ಅನುಭವಿಸಿ ಅದೇ ಕೋಚ್‌ನ ಕೈಕೆಳಗೆ ಮರಳಿ ಬಂದ, ಮರುವರ್ಷ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ, ಮುಂದೆ ಎನ್‌ಎಚ್‌ಎಲ್‌ನ ಬಫಲೊ ತಂಡಕ್ಕೂ ಆಡಿದ. ಕ್ಯಾಂಫರ್ ಕೂಡ ಚೇತರಿಸಿಕೊಂಡು ಬಾಸ್ಟನ್ ಬ್ರೂಯಿನ್ಸ್ ಸೇರಿದ. ಆಧಾರಸ್ತಂಭಕ್ಕೆ ಬಿರುಕು ಬಿಟ್ಟಿದೆ. ಸಿಬ್ಬಂದಿ ಸುಣ್ಣ ಬಳಿಯುತ್ತಿದ್ದಾರೆ.

ಸ್ತಂಭ ಅಲ್ಲಾಡಿದರೂ ವ್ಯಾಪಾರ ಅಲ್ಲಾಡಲಿಲ್ಲ ಎಂಬುದೊಂದು ಸಮಾಧಾನ. 2010ರ ಡಿಸೆಂಬರ್ 11ರಂದು ಇದೇ ಎರಡು ತಂಡಗಳು ಮಿಶಿಗನ್ನಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದಾಗ ಗಿನ್ನೆಸ್‌ನವರು ಎಣಿಸಿ ಬರೆದುಕೊಂಡ ತಲೆಗಳು 104,173. ಸ್ಟೇಟ್ ಐದು-ಸೊನ್ನೆಗೆ ಸೋತಿತು. ಕೋಚ್ ಅದೇ ಕಾಮ್ಲಿ. ತಪ್ಪು ಮಾಡಿದವರನ್ನು ಹೊರಗಿಟ್ಟರೆ ಅಭಿಮಾನಿಗಳು ಮನೆಯಲ್ಲೇ ಕೂರುತ್ತಾರೆಂದು ನಿಮ್ಮ ಪೂರ್ವಾಧಿಕಾರಿಗಳು ಬರೆದಿಟ್ಟ ಟಿಪ್ಪಣಿಯನ್ನು ಈ ಆವೃತ್ತಿಯಿಂದ ತೆಗೆದುಹಾಕಲಾಗಿದೆ.

ಬಿಡಿಭಾಗಗಳು

ಮುಖದ ಪಂಜರ, ಹಲ್ಲಿನ ಗವಸು, ಸ್ಟ್ರೆಚರ್ ಎಲ್ಲವೂ ದಾಸ್ತಾನಿನಲ್ಲಿವೆ. ರೆಫರಿಗಳಿಗೆ ಮರುವೀಕ್ಷಣೆಯ ಪರದೆಯೂ ಬಂದಿದೆ. ಪ್ರಾರ್ಥನೆಯ ಹೇಳಿಕೆಗಳ ಖಾಲಿ ನಮೂನೆ ಬೇಕಾದಷ್ಟಿವೆ, ಹೆಸರು ತುಂಬಿದರಾಯಿತು.

ಒಂದು ಭಾಗದ ಬಗ್ಗೆ ಆಗಾಗ ವಿಚಾರಣೆ ಬರುತ್ತದೆ. ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್ ಎಂಬ ಕೆನಡಾದ ಊರಿನಲ್ಲಿ 1990ರ ದಶಕದಲ್ಲಿ ಒಂದು ಉಪಾಯ ಹುಟ್ಟಿತು. ಮಕ್ಕಳ ಜರ್ಸಿಯ ಬೆನ್ನ ಮೇಲೆ, ಕುತ್ತಿಗೆಯ ಕೆಳಗೆ, ರಸ್ತೆ ಬದಿಯಲ್ಲಿ ನಿಲ್ಲುವ ಕೆಂಪು "ಸ್ಟಾಪ್" ಫಲಕದಂಥದೇ ಒಂದು ಪುಟ್ಟ ತುಂಡು ಬಟ್ಟೆ ಹೊಲಿಯುವುದು. ಹಿಂದಿನಿಂದ ವೇಗವಾಗಿ ಬರುವ ಹುಡುಗನ ಕಣ್ಣಿಗೆ ಮೊದಲು ಬೀಳುವುದು ಅದೇ. ಅದನ್ನು ಓದುವಷ್ಟು ಹೊತ್ತು ಅವನು ತಡೆದರೂ ಸಾಕು ಎಂಬ ಆಸೆ. ಅಲ್ಲಿಂದ ಅದು ಬೇರೆ ಊರುಗಳ ಮಕ್ಕಳ ತಂಡಗಳಿಗೂ ಹರಡಿತು.

ಕಾಲೇಜಿನ ಅಳತೆಯಲ್ಲಿ ಆ ಬಟ್ಟೆ ನಮ್ಮಲ್ಲಿ ಸಿಗುವುದಿಲ್ಲ. ಆ ಜಾಗದಲ್ಲಿ ಆಟಗಾರನ ಹೆಸರು ಹೊಲಿಯುತ್ತೇವೆ.