ಸೆನ್ಸಾರ್ ಮೇಷ್ಟ್ರು

ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ನಿವೃತ್ತರು. ಬೆಳಗ್ಗೆ ಪಾರ್ಕಿನಲ್ಲಿ ಸುತ್ತು ಹಾಕಿ, ತಿಂಡಿ ಮುಗಿಸಿ, ಮುಂದಿನ ಪೀಳಿಗೆಯನ್ನು ಕಾಪಾಡಲು ಹೊರಡುವವರು. ಕೆಲವರಿಗೆ ಪಿಜ್ಜಾ ಕಂಡರಾಗದು, ಕೆಲವರಿಗೆ ಹರಿದ ಜೀನ್ಸು. ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದ ಹಿಂದಿನ ನಮ್ಮ ಬೀದಿಯವರು ಕಾರ್ಟೂನ್ ಹಿಡಿದಿದ್ದಾರೆ. ಹೈಸ್ಕೂಲಿನಲ್ಲಿ ಪಾಠ ಹೇಳಿ, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಿ ತಿದ್ದಿ, ನಿವೃತ್ತಿಯಾದರೂ ಜೇಬಿನಿಂದ ಕೆಂಪು ಪೆನ್ನು ಇಳಿಸದ ಜೀವ. ಮಕ್ಕಳು ಇಟ್ಟ ಹೆಸರು ಸೆನ್ಸಾರ್ ಮೇಷ್ಟ್ರು. ಅದು ಅವರಿಗೂ ಗೊತ್ತು, ಒಳಗೊಳಗೇ ಖುಷಿ.

ಅವರ ಬಟ್ಟೆ ಚೀಲದಲ್ಲಿ ಕೇಬಲ್ ಟೀವಿ ನಿಯಮಾವಳಿಯ ಜೆರಾಕ್ಸ್ ಸದಾ ಇರುತ್ತದೆ, 1994ರದು. ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಮಾತು, ಹಿಂಸೆಯ ಢಾಳಾದ ದೃಶ್ಯ ಇರಕೂಡದು ಎಂಬ ಸಾಲಿಗೆ ಎರಡೆರಡು ಅಡಿಗೆರೆ. 2008ರಲ್ಲಿ ಸರ್ಕಾರ ಶಿನ್‌ಚಾನ್ ಕಾರ್ಟೂನಿನ ಪ್ರಸಾರ ನಿಲ್ಲಿಸಿದ್ದು ತಾವು ದೆಹಲಿಗೆ ಬರೆದ ಕಾರ್ಡಿನಿಂದ ಎಂದು ಅವರ ಗಟ್ಟಿ ನಂಬಿಕೆ. ಮರುವರ್ಷ ಅದೇ ಹುಡುಗ ಅಲ್ಲಲ್ಲಿ ಕತ್ತರಿ ಹಾಕಿಸಿಕೊಂಡು ಮರಳಿ ಬಂದ. ಆ ವಿಷಯ ಎತ್ತಿದರೆ ಮೇಷ್ಟ್ರಿಗೆ ಕಿವಿ ಮಂದ.

ಇನ್ನು ಅವರ ನೋಟ್‌ಬುಕ್ಕು. ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಕಾಲಂ: ಪೆಟ್ಟು, ಬಿದ್ದದ್ದು, ಸ್ಫೋಟ, ಪಶ್ಚಾತ್ತಾಪ. ಕೊನೆಯ ಕಾಲಂನಲ್ಲಿ ಇಂದಿನವರೆಗೆ ಸೊನ್ನೆ ಬಿಟ್ಟು ಬೇರೇನೂ ಬಿದ್ದಿಲ್ಲ. ಅವರ ಮನೆಯಲ್ಲಿ ಸಂಜೆ ರಿಮೋಟು ಹೆಂಡತಿಯ ಕೈಲಿರುವುದರಿಂದ ಮೌಲ್ಯಮಾಪನ ಕೇಂದ್ರ ನಮ್ಮ ಮನೆ. ಅತ್ತೆ ಸೊಸೆಯ ಕೆನ್ನೆಗೆ ಬಾರಿಸಿದ್ದನ್ನು ಮೂರು ಕಡೆಯಿಂದ ತಿರುಗಿ ತಿರುಗಿ ತೋರಿಸುವ ಧಾರಾವಾಹಿಗೆ ನೋಟ್‌ಬುಕ್ಕಿನಲ್ಲಿ ಜಾಗವಿಲ್ಲ. ಹಳೆಯ ಸಿನಿಮಾದಲ್ಲಿ ಹಾಸ್ಯನಟ ನರಸಿಂಹರಾಜು ಏಟು ತಿಂದರೆ ಅದು ಕಲೆ. ಟಾಮ್ ಅಂಡ್ ಜೆರ್‍ರಿಗೂ ರಿಯಾಯಿತಿ ಉಂಟು. 1940ರಿಂದ ಅವೆರಡೂ ಪರಸ್ಪರ ಚಚ್ಚಿಕೊಳ್ಳುತ್ತಲೇ ಇವೆ. "ಏಳು ಆಸ್ಕರ್ ಬಂದಿದೆ ಕಣ್ರೀ" ಎಂದು ಮೇಷ್ಟ್ರು ಗ್ರೇಸ್ ಮಾರ್ಕ್ಸ್ ಕೊಟ್ಟು ದಾಟಿಸಿಬಿಟ್ಟರು.

ಸಿಕ್ಕಿಬಿದ್ದದ್ದು ಓಗಿ. 1998ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ನೀಲಿ ಬೆಕ್ಕಿಗೆ ಮೂರು ಜಿರಲೆಗಳ ಕಾಟ. ಅವು ಫ್ರಿಜ್ಜು ಖಾಲಿ ಮಾಡುತ್ತವೆ, ಇದು ಬಡಿಗೆ ಹಿಡಿದು ಓಡಿಸುತ್ತದೆ, ಅಷ್ಟೇ ಕಥೆ. ಮೂಲದಲ್ಲಿ ಮಾತೇ ಇಲ್ಲ. ನಮ್ಮ ದೇಶಕ್ಕೆ ಬಂದಾಗ ಶಾರುಕ್ ಖಾನ್ ದನಿಯನ್ನು ಅಣಕಿಸುವ ಹಿಂದಿ ಮಾತು ಅಂಟಿಸಿದರು. ಮೇಷ್ಟ್ರಿಗೆ ಏಟಿಗಿಂತ ಮೊದಲು ಉರಿದದ್ದು ಅದು. "ಮಗು ಹಿಂದೀಲಿ ಬೈಯೋದು ಕಲಿಯುತ್ತೆ" ಎಂದು ಸದ್ದು ಬಂದ್ ಮಾಡಿಸಿ, ಕನ್ನಡಕ ಒರೆಸಿಕೊಂಡು, ಪೆನ್ನಿನ ಕ್ಯಾಪ್ ತೆಗೆದು ಕೂತರು.

ಟೀವಿ ಮೂಕವಾಗಿದ್ದೇ ತಡ, ನಮ್ಮ ಐದು ವರ್ಷದ ಪುಟ್ಟಿ ಕನ್ನಡದಲ್ಲಿ ಶುರು ಮಾಡಿದಳು. "ಏಯ್ ಜಿರಲೆಗಳಾ, ಕೋಡುಬಳೆ ಡಬ್ಬಕ್ಕೆ ಕೈ ಹಾಕ್ತೀರಾ? ಬೆಂಚ್ ಮೇಲೆ ನಿಂತ್ಕೊಳ್ಳಿ! ಪಶ್ಚಾತ್ತಾಪ ಇದೆಯಾ? ಇಲ್ವಾ? ಸೊನ್ನೆ!" ಮೂಗಿನ ತುದಿಗಿಳಿದ ಕನ್ನಡಕ, ಎತ್ತಿದ ಕೆಂಪು ಪೆನ್ನು, ಮಾತಿನ ಮಧ್ಯೆ ಒಂದು ಕೆಮ್ಮು, ಒಂದನ್ನೂ ಬಿಡಲಿಲ್ಲ. ನಾನು ಅಡುಗೆಮನೆಗೆ ಓಡಿದೆ. ಮೇಷ್ಟ್ರಿಗೆ ಕಾಫಿ ನೆತ್ತಿಗೇರಿತು. ಎಣಿಕೆ ಇಪ್ಪತ್ತೇಳಕ್ಕೆ ತಪ್ಪಿಹೋಗಿ, ಕಂತು ಮೊದಲಿಂದ ಹಾಕಿಸಿದರು. ಪುಟ್ಟಿಗೆ ಇನ್ನೇನು ಬೇಕು?

ವಾದಕ್ಕಿಳಿದರೆ ಮೇಷ್ಟ್ರು ಸಾಮಾನ್ಯರಲ್ಲ. "ಪಂಚತಂತ್ರದ ಕೋತಿ ದಿಮ್ಮಿಯ ಬೆಣೆ ಕಿತ್ತು ಸತ್ತಿತಲ್ಲ ಮೇಷ್ಟ್ರೇ? ಹಂಸಗಳ ಜತೆ ಹಾರಿದ ಆಮೆ ಮೇಲಿಂದ ಬಿತ್ತಲ್ಲ? ಓಗಿಯಾದರೂ ಎದ್ದು ಓಡುತ್ತಾನೆ, ಆಮೆ ಮತ್ತೆ ಏಳಲೇ ಇಲ್ಲ" ಅಂದೆ. "ಅಲ್ಲಿ ನೀತಿ ಇದೆ. ಬಾಯಿ ಮುಚ್ಕೊಂಡಿರಬೇಕು ಅನ್ನೋದು" ಎಂದು ನನ್ನನ್ನೇ ದಿಟ್ಟಿಸಿದರು. ಬಾಲಮಂಗಳದಲ್ಲಿ ಡಿಂಗನೆಂಬ ಇಲಿ ದುಷ್ಟರಿಗೆ ಗುದ್ದುವುದನ್ನು ಓದಿ ಬೆಳೆದ ನಾನು ಆ ಉದಾಹರಣೆಯನ್ನು ನುಂಗಿಕೊಂಡೆ. ನಾನು ಬೆಳೆದ ರೀತಿ ಕಂಡರೆ ಅದು ಅವರ ಪಕ್ಷಕ್ಕೇ ಸಾಕ್ಷಿಯಾದೀತು.

ಹಾಗಂತ ಅವರ ಮಾತು ಬರೀ ಗೊಣಗಾಟವಲ್ಲ. ದೊಡ್ಡವರು ಬೊಂಬೆಗೆ ಗುದ್ದುವುದನ್ನು ಕಂಡ ಮಕ್ಕಳು ತಾವೂ ಗುದ್ದಿದರು ಎಂದು 1961ರಲ್ಲೇ ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಬಂಡೂರ ತೋರಿಸಿದ್ದಾರೆ. 2011ರಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಕೂರಿಸಿ ನೋಡಿದಾಗ, ಒಂಬತ್ತೇ ನಿಮಿಷ ದಡಬಡ ಓಡುವ ಕಾರ್ಟೂನು ಕಂಡವರು ಗಮನ, ತಾಳ್ಮೆಯ ಪರೀಕ್ಷೆಗಳಲ್ಲಿ ಆಗಿಂದಾಗಲೇ ಹಿಂದೆ ಬಿದ್ದರು. ಏಟಿಗಿಂತ ವೇಗ ಕೆಟ್ಟದ್ದಿರಬಹುದು ಎಂಬ ಮೇಷ್ಟ್ರ ಅನುಮಾನಕ್ಕೆ ನನ್ನಲ್ಲಿ ಉತ್ತರವಿಲ್ಲ. ಕೆಳಗಿನ ಮನೆಯ ಎರಡು ವರ್ಷದ ಕೂಸು ಮೊಬೈಲಿಲ್ಲದೆ ತುತ್ತಿಗೆ ಬಾಯಿ ತೆರೆಯುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದನ್ನು ಆ ಮನೆಗೆ ಹೋಗಿ ಹೇಳುವ ಧೈರ್ಯ ಬೀದಿಯಲ್ಲಿ ಇವರೊಬ್ಬರಿಗೇ. ಹೇಳಿ, ಬೈಸಿಕೊಂಡೂ ಬಂದರು.

ಓಗಿಯ ಪರೀಕ್ಷೆ ನಡೆದ ಆ ಸಂಜೆ ವೃಷಭಾವತಿ ನದಿಯ ಕೃಪೆಯಿಂದ ಸೊಳ್ಳೆಗಳು ವೇಳೆಗೆ ಸರಿಯಾಗಿ ಹಾಜರಾದವು. ಮೇಷ್ಟ್ರು ಪೆನ್ನಿಟ್ಟು ಸೊಳ್ಳೆ ಬ್ಯಾಟ್ ಎತ್ತಿಕೊಂಡರು. ಕುರ್ಚಿ ಹತ್ತಿದರು, ಪರದೆಯ ಹಿಂದೆ ಅವಿತರು, ಬೀಸಿದರು. ಚಟ್! "ಸಿಕ್ತು ನೋಡು!" ಇನ್ನೊಂದು ಚಟ್! ಮುಖದಲ್ಲಿ ಅಪ್ಪಟ ಆನಂದ. ಟೀವಿಯಲ್ಲಿ ಓಗಿಯೂ ಅದನ್ನೇ ಮಾಡುತ್ತಿದ್ದ. ಪುಟ್ಟಿ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದಳು: "ಮೇಷ್ಟ್ರು ತಾತ, ಇದನ್ನ ಯಾವ ಕಾಲಂನಲ್ಲಿ ಬರೀಲಿ?"

ಅವರು ಉತ್ತರ ಹುಡುಕುತ್ತಿದ್ದಾಗ ನಾನು ಹಾಳೆ ತಿರುವಿದೆ. ಬಲಗಡೆ ಅಂಚಿನಲ್ಲಿ ಪೆನ್ಸಿಲಿನ ಐದನೆಯ ಕಾಲಂ ಇತ್ತು: ಪುಟ್ಟಿ ನಕ್ಕದ್ದು. ಪ್ರತಿ ಕಂತಿಗೂ ಗುರುತು ಹಾಕಿದ್ದರು. ಕಂತು ಪೂರ್ತಿ ಅವಳ ಪಕ್ಕದಲ್ಲಿ ಕೂತು ನೋಡುವ ದೊಡ್ಡವರು ನಮ್ಮ ಮನೆಯಲ್ಲಿ ಅವರೊಬ್ಬರೇ. ಆ ಹೊತ್ತನ್ನು ನಾನು ಮೊಬೈಲಿಗೆ, ನಮ್ಮವಳು ಕುಕ್ಕರಿಗೆ ಮೀಸಲಿಟ್ಟಿದ್ದೇವೆ.

ಓಗಿಯ ಫಲಿತಾಂಶ ಬಂದಿದೆ: ನೂರಕ್ಕೆ 35, ಪಾಸು. ಷರತ್ತು ಮೂರು. ಸದ್ದು ಬಂದ್, ದಿನಕ್ಕೆ ಒಂದೇ ಕಂತು, ಪಕ್ಕದಲ್ಲಿ ದೊಡ್ಡವರೊಬ್ಬರು. ಸದ್ಯ ಮೋಟು ಪತ್ಲು ಪರಿಶೀಲನೆಯಲ್ಲಿದೆ, ಸಮೋಸ ಎಣಿಸಲು ಹೊಸ ಕಾಲಂ ಬಂದಿದೆ. ನಿಮ್ಮ ಮನೆಗೂ ಬೇಕಿದ್ದರೆ ಹೇಳಿ, ಮೇಷ್ಟ್ರನ್ನು ಕಳಿಸಿಕೊಡುತ್ತೇನೆ. ಸಕ್ಕರೆಯಿಲ್ಲದ ಕಾಫಿ ಕೊಡಿ, ಸೊಳ್ಳೆ ಬ್ಯಾಟ್ ಚಾರ್ಜ್ ಮಾಡಿಟ್ಟಿರಿ.