ಹಿಮಕುಸಿತ ಶಾಸ್ತ್ರ: ಅಕ್ಕಲಕೋಟ ಪಾಠ

ಹಿಮದ ಬೆಟ್ಟಗಳಲ್ಲಿ ಜಾರುಪಟ್ಟಿ ಕಟ್ಟಿಕೊಂಡು ಅಲೆಯುವವರಿಗೆ ಹಿಮಕುಸಿತದಿಂದ ಪಾರಾಗುವ ವಿದ್ಯೆಯನ್ನು ಕಲಿಸುವ ಶಾಲೆಗಳಿವೆ. ಅಲ್ಲಿ ಪ್ರಾಥಮಿಕದವರಿಗೆ ಹಿಮದ ಪಾಠ, ಪ್ರೌಢದವರಿಗೆ ಮನುಷ್ಯರ ಪಾಠ. ಸೊಲ್ಲಾಪುರ ಜಿಲ್ಲೆಯಲ್ಲಿ ಹಿಮದ ಕೊರತೆ ಇರುವುದರಿಂದ ಮೊದಲನೆಯದನ್ನು ಬಿಟ್ಟು ನೇರವಾಗಿ ಪ್ರೌಢ ತರಗತಿಗೇ ಹೆಸರು ಹಚ್ಚಬಹುದು ಎಂಬುದು ಈ ಗ್ರಂಥದ ಪ್ರತಿಜ್ಞೆ.

ಇಲ್ಲಿ ಪೂರ್ವಪಕ್ಷ: ಹಿಮವೇ ಬೀಳದ ಊರಿಗೆ ಹಿಮದ ಶಾಸ್ತ್ರ ಯಾಕೆ? ಸಮಾಧಾನ: ಚಳಿಯೇ ಬೀಳದ ಊರು ದೇಶಕ್ಕೆಲ್ಲ ಚಾದರ ನೇಯ್ದು ಹೊದಿಸಿ, ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯನ್ನೂ ಪಡೆದಿದೆ. ಹೀಗಾಗಿ ಅನುಭವವಿಲ್ಲದ ವಿಷಯದಲ್ಲಿ ಪಾಂಡಿತ್ಯ ಸಲ್ಲದೆಂಬ ವಾದ ಸೊಲ್ಲಾಪುರದಲ್ಲಿ ನಿಲ್ಲುವುದಿಲ್ಲ.

ಇನ್ನು ವಿಷಯ. ಅಕ್ಕಲಕೋಟದ ಸ್ವಾಮಿ ಸಮರ್ಥರ ಪ್ರಕಟ ದಿನ ಚೈತ್ರ ಶುದ್ಧ ಬಿದಿಗೆ, ಅಂದರೆ ಯುಗಾದಿಯ ಮರುದಿನ. ಅವರು ಸಮಾಧಿಯಾದದ್ದು 1878ರಲ್ಲಿ, ಚೈತ್ರ ಬಹುಳ ತ್ರಯೋದಶಿಯಂದು. ಎರಡೂ ಚೈತ್ರದಲ್ಲೇ ಬಂದದ್ದರಿಂದ ಭಕ್ತರ ಪಾದಯಾತ್ರೆಯೂ ಉರಿಬಿಸಿಲೂ ಒಂದೇ ತಿಂಗಳಲ್ಲಿ ಕೂಡುತ್ತವೆ. ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಸಿದ್ಧರಾಮೇಶ್ವರರ ಜಾತ್ರೆ ಮಾತ್ರ ಸಂಕ್ರಾಂತಿಗೆ ಬರುತ್ತದೆ. ಕೆರೆ ಕಟ್ಟಿಸಿದ ಶರಣ, ನೀರು ನೆರಳಿನ ಲೆಕ್ಕ ಬಲ್ಲವನು ಎಂದು ನಾವು ಗ್ರಹಿಸುತ್ತೇವೆ. ಸೊಲ್ಲಾಪುರದಿಂದ ಕುಂಭಾರಿ, ವಳಸಂಗ ಹಾದು ಅಕ್ಕಲಕೋಟ ಮುಟ್ಟಲು ಸುಮಾರು 40 ಕಿಲೋಮೀಟರ್. ಈ ದಾರಿಯೇ ನಮ್ಮ ಪ್ರಯೋಗಶಾಲೆ.

ಹಿಮದ ಶಾಸ್ತ್ರದಲ್ಲಿ ಅಪಾಯದ ಇಳಿಜಾರು ಎಂದರೆ ಹೆಚ್ಚಾಗಿ 30ರಿಂದ 45 ಡಿಗ್ರಿ ಕೋನದ್ದು. ನಮ್ಮ ಪಾಠದಲ್ಲಿ ಇಳಿಜಾರು ಎಂದರೆ ಒಂದು ನೆರಳಿಗೂ ಇನ್ನೊಂದು ನೆರಳಿಗೂ ನಡುವಿನ ಅಂತರ. ರಸ್ತೆ ಅಗಲವಾದಲ್ಲೆಲ್ಲ ಬೇವು, ಹುಣಸೆ ಮಾಯವಾಗಿ ಈ ಇಳಿಜಾರು ಕಡಿದಾಗುತ್ತ ಹೋಗಿದೆ. ಆಲ್ಪ್ಸಿನಲ್ಲಿ ನಿಸರ್ಗ ಮಾಡಿದ ಕೆಲಸವನ್ನು ನಮ್ಮಲ್ಲಿ ಗುತ್ತಿಗೆದಾರರು ಮಾಡಿದ್ದಾರೆ.

ಇನ್ನೊಂದು ಮೂಲತತ್ತ್ವ. ಜೀವ ತೆಗೆದ ಹಿಮಕುಸಿತಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಕೆಡವಿದವರು ಸತ್ತವರೇ ಅಥವಾ ಅವರ ಜೊತೆಗಾರರೇ. ಹಿಮ ತಾನಾಗಿ ಬಂದು ಮೈಮೇಲೆ ಬೀಳುವುದು ಕಡಿಮೆ. ಮನುಷ್ಯನೇ ಹೋಗಿ ಅದನ್ನು ಎಬ್ಬಿಸುತ್ತಾನೆ. ಬಿಸಿಲಂತೂ ಯಾರ ಬೆನ್ನಟ್ಟಿಯೂ ಬರುವುದಿಲ್ಲ.

ಅಪಾಯದ ಮಾಪನ ಹೀಗೆ. ಯುರೋಪಿನವರು ಹಿಮಕುಸಿತಕ್ಕೆ ಐದು ದರ್ಜೆ ಮಾಡಿದ್ದಾರೆ. ಹೆಚ್ಚು ಜನ ಸಾಯುವುದು ಐದರಲ್ಲಲ್ಲ, ಮೂರರಲ್ಲಿ. ಐದೆಂದು ಸಾರಿದ ದಿನ ಎಲ್ಲರೂ ಮನೆಯಲ್ಲಿರುತ್ತಾರೆ. ಮೂರೆಂದರೆ ‘ನಡೀತದ’ ಎಂದು ಹೊರಡುತ್ತಾರೆ. ನಮ್ಮ ಹವಾಮಾನ ಇಲಾಖೆಯದು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣ. ಬಯಲು ಸೀಮೆಯಲ್ಲಿ ಬಿಸಿಗಾಳಿ ಎನ್ನಿಸಿಕೊಳ್ಳಲು ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಮೇಲಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು ಇರುವ ಸೊಲ್ಲಾಪುರದಲ್ಲಿ 43 ಬಂದರೂ ಅದು ಶಾಸ್ತ್ರೋಕ್ತ ಬಿಸಿಗಾಳಿಯಲ್ಲ, ಬರೀ ಮಧ್ಯಾಹ್ನ. ಆ 43 ಕೂಡ ಬಿಳಿ ಪೆಟ್ಟಿಗೆಯೊಳಗೆ, ಗಾಳಿಯಾಡುವ ನೆರಳಲ್ಲಿ ಅಳೆದದ್ದು. ಬಿಸಿಲಿನ ವಿಷಯದಲ್ಲಿ ಬುದ್ಧಿಯಿಂದ ನಡೆದುಕೊಳ್ಳುವುದು ಜಿಲ್ಲೆಯಲ್ಲಿ ಉಷ್ಣಮಾಪಕ ಒಂದೇ.

ಈಗ ಮುಖ್ಯ ವರ್ಗೀಕರಣ. ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ 700ಕ್ಕೂ ಹೆಚ್ಚು ಹಿಮಕುಸಿತದ ಅವಘಡಗಳನ್ನು ಜಾಲಾಡಿ, ತಿಳಿವಳಿಕೆ ಇದ್ದವರೂ ಯಾಕೆ ಸಿಕ್ಕಿಬೀಳುತ್ತಾರೆ ಎಂದು ಕೇಳಿ, ಮನಸ್ಸಿನ ಆರು ಬಲೆಗಳನ್ನು ಗುರುತಿಸಿದ. ಅವನು ಅಕ್ಕಲಕೋಟ ಕಂಡವನಲ್ಲ. ಆದರೂ ಆರಕ್ಕೆ ಆರೂ ಇಲ್ಲಿ ಚೈತ್ರದಲ್ಲಿ ಕಾಲಾಡಿಸುತ್ತಿರುತ್ತವೆ.

ಎಲ್ಲಕ್ಕೂ ಹಿರಿಯದು ಪರಿಚಯದ ಬಲೆ. ಇದರ ಲಕ್ಷಣ ಒಂದೇ ವಾಕ್ಯ: “ಮೂವತ್ತ ವರ್ಷ ಆತು ತಮ್ಮಾ, ಈ ದಾರಿ ತುಳಕೋತ ಬಂದೀನಿ. ನನಗ ಬಿಸಲ ಏನ ಮಾಡ್ತದ?” ಹೀಗನ್ನುವ ಕಾಕಾನ ತಲೆಗೆ ಸುತ್ತಿದ ರುಮಾಲು ನಿಜಕ್ಕೂ ಒಳ್ಳೆಯದು, ಕಾಲಿನ ಚರ್ಮ ಚಪ್ಪಲಿಗಿಂತ ದಪ್ಪ. ಆದರೆ ಮೂವತ್ತು ವರ್ಷದಲ್ಲಿ ದಾರಿಗೆ ವಯಸ್ಸಾಗಿಲ್ಲ, ಕಾಕಾನಿಗೆ ಆಗಿದೆ. ಈಗ ಬಿ.ಪಿ. ಗುಳಿಗೆ ನುಂಗುತ್ತಾನೆ, ಅದರಲ್ಲಿ ಮೂತ್ರ ಹೆಚ್ಚಿಸುವ ಜಾತಿಯದೊಂದಿದ್ದರೆ ಮೈಯ ನೀರು ಮೊದಲೇ ಕಡಿಮೆ. ಮೆಕ್ಯಾಮನ್ ಕಂಡದ್ದೂ ಇದೇ: ತರಬೇತಿ ಪಡೆದವರು ಅಪರಿಚಿತ ಇಳಿಜಾರಿನಲ್ಲಿ ಹುಷಾರಾಗಿದ್ದರು, ಗುರುತಿನ ಇಳಿಜಾರಿಗೆ ಬಂದಾಗ ಸಡಿಲಬಿಟ್ಟರು. ಮುಂಬೈ, ಪುಣೆಯಿಂದ ಮೊದಲ ಸಲ ಬರುವ ಭಕ್ತ ಹತ್ತು ಗಂಟೆಗೇ ಹೆದರಿ ಟಂಟಂ ಹತ್ತುತ್ತಾನೆ. ಅವನನ್ನು ನೋಡಿ ನಗುವ ನಮ್ಮವರನ್ನೇ ಈ ಶಾಸ್ತ್ರ ಹೆಚ್ಚು ಅನುಮಾನದಿಂದ ನೋಡುತ್ತದೆ.

ಹಟದ ಬಲೆಗೆ ಹರಕೆ ಎಂಬ ಇನ್ನೊಂದು ಹೆಸರಿದೆ, ಆದ್ದರಿಂದ ಇದನ್ನು ಬಿಡಿಸುವುದು ಕಠಿಣ. ಬರಿಗಾಲಲ್ಲಿ ನಡೆಯುತ್ತೇನೆಂದು ಬೇಡಿಕೊಂಡವರಿಗೆ ಡಾಂಬರಿನ ಮೇಲೆ ಯಾವ ವಿನಾಯಿತಿಯೂ ಇಲ್ಲ. ಆದರೂ ಇವರೊಳಗೇ ಒಂದು ಜಾಣ ಉಪಜಾತಿ ಹುಟ್ಟಿದೆ: ಕಾಲುಚೀಲದವರು. ಚಪ್ಪಲಿ ಇಲ್ಲ, ಹರಕೆ ಉಳಿಯಿತು. ಎರಡು ಜೋಡಿ ಕಾಲುಚೀಲ ಇವೆ, ಅಂಗಾಲೂ ಉಳಿಯಿತು. ಇವರನ್ನು ಹಿಂದಿನಿಂದ ಗಮನಿಸಿ. ರಸ್ತೆಯ ಅಂಚಿಗೆ ಬಳಿದ ಬಿಳಿ ಪಟ್ಟಿಯ ಮೇಲೇ ಒಬ್ಬರ ಹಿಂದೊಬ್ಬರು ಹೆಜ್ಜೆ ಇಡುತ್ತಾರೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆಸೆಯುವುದರಿಂದ ಕರಿ ಡಾಂಬರಿಗಿಂತ ತಣ್ಣಗಿರುತ್ತದೆ. ಇದನ್ನು ಯಾವ ಶಾಲೆಯೂ ಹೇಳಿಕೊಟ್ಟಿಲ್ಲ, ಕಾಲೇ ಕಲಿತದ್ದು.

ಮೆಚ್ಚುಗೆಯ ಬಲೆ ತರುಣರದು. ಮೊಬೈಲ್ ಎದುರು ಬಂದಾಗ ಪಾಲಖಿಯ ಕೆಳಗೆ ಹೆಗಲು ಕೊಡುವವರು, ಮೊಬೈಲ್ ಹೋದ ಮೇಲೂ ನಾಚಿಕೆಗೆ ಹೊತ್ತೇ ಇರುತ್ತಾರೆ. ಅಪರೂಪದ ಬಲೆ ಎಂದರೆ ಹಿಮದಲ್ಲಿ ಯಾರೂ ತುಳಿಯದ ಹೊಸ ಹಿಮದ ಮೇಲೆ ಮೊದಲ ಗೆರೆ ಎಳೆಯುವ ಆಸೆ. ನಮ್ಮಲ್ಲಿ ಸಂಜೆ ಆರತಿ ತಪ್ಪೀತೆಂಬ ಅವಸರ. ಆರತಿ ನಾಳೆಯೂ ಇರುತ್ತದೆ ಎಂದರೆ ನಾಸ್ತಿಕನೆನ್ನುತ್ತಾರೆ.

ಪಂಡಿತರ ಬಲೆಯಲ್ಲಿ ಸ್ವಲ್ಪ ಸೂಕ್ಷ್ಮವಿದೆ. ದಿಂಡಿಯ ಮುಂದಾಳಿಗೆ ಭಜನೆ ಬರುತ್ತದೆ, ವಚನ ಬರುತ್ತದೆ, ಕನ್ನಡ ಮರಾಠಿ ಎರಡರಲ್ಲೂ ದನಿಯೆತ್ತಿದರೆ ಮಂದಿ ನಿಲ್ಲುತ್ತಾರೆ. ಇಷ್ಟೆಲ್ಲ ಬಲ್ಲವರಿಗೆ ಬಿಸಿಲೂ ಗೊತ್ತಿರಲೇಬೇಕೆಂದು ಎಲ್ಲರ ನಂಬಿಕೆ. “ಮಹಾರಾಜರು ನಡೀರಿ ಅಂದ್ರು” ಎಂದ ಮೇಲೆ ಮುಗಿಯಿತು. ಆ ಹೊತ್ತಿಗೆ ಮಹಾರಾಜರು ನೀರಿನ ಟೆಂಪೋದ ಮುಂದಿನ ಸೀಟಿನಲ್ಲಿರುವುದು ಕೆಲವೊಮ್ಮೆ ಕಂಡುಬಂದಿದೆ. ಭಾಷ್ಯಕಾರರು ಈ ಬಗ್ಗೆ ಮೌನ.

ಕೊನೆಯದು ಮಂದಿಯ ಬಲೆ. ಎಲ್ಲರೂ ಕೂತಿದ್ದಾರೆ, ನಾನೊಬ್ಬ ಎದ್ದರೆ ಹೇಗೆ? ಇಲ್ಲಿ ಶಾಸ್ತ್ರ ತನ್ನ ನಗೆಯನ್ನು ಪಕ್ಕಕ್ಕಿಡಬೇಕು. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭ ಬಯಲಿನಲ್ಲಿ ನಡೆಯಿತು. ಲಕ್ಷಾಂತರ ಜನ ಗಂಟೆಗಟ್ಟಲೆ ಬಿಸಿಲಲ್ಲಿ ಕೂತರು. 14 ಮಂದಿ ತೀರಿಕೊಂಡರು. ಹತ್ತಿರದ ಹವಾಮಾನ ಕೇಂದ್ರದಲ್ಲಿ ಅಂದು ದಾಖಲಾದದ್ದು 38 ಡಿಗ್ರಿ. ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಐದನೇ ದರ್ಜೆಯ ದಿನವಾಗಿರಲಿಲ್ಲ ಅದು.

ಹಿಮದ ವಿದ್ಯಾರ್ಥಿಗಳು ಗುಂಡಿ ತೋಡಿ, ಪದರ ಪದರ ನೋಡಿ, ಯಾವುದು ದುರ್ಬಲ ಎಂದು ಓದುತ್ತಾರೆ. ನಮ್ಮವರಿಗೆ ಗುಂಡಿ ಬೇಡ, ಮುಂದಿನವನ ಅಂಗಿಯ ಬೆನ್ನು ಸಾಕು. ಸೊಲ್ಲಾಪುರದ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಕುಂಭಾರಿಯಲ್ಲಿ ಒಂದು ಬಿಳಿ ಗೆರೆ, ವಳಸಂಗದ ಹೊತ್ತಿಗೆ ಅದರಾಚೆ ಇನ್ನೊಂದು. ಗೆರೆಗಳು ಹೆಚ್ಚಿ, ಮೂತ್ರ ಕಡಿಮೆಯಾಗಿ ಹಳದಿಯಾಗಿದ್ದರೆ ಬರೀ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಬೇಕು. ಬಿಸಿಲು ಬಡಿಯದಿರಲೆಂದು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ಪಂಥಕ್ಕೆ ನಮ್ಮ ವಿರೋಧವಿಲ್ಲ. ರೊಟ್ಟಿ ಶೇಂಗಾ ಚಟ್ನಿಯ ಜೊತೆ ಕಚ್ಚಿಕೊಳ್ಳಲು ಬರುತ್ತದೆ. ತಲೆಗೆ ಸುತ್ತಲು ಸೊಲ್ಲಾಪುರದ್ದೇ ಟವೆಲ್ ಶ್ರೇಷ್ಠ, ಒದ್ದೆಯಾಗಿದ್ದರೆ ಮಾತ್ರ.

ಇನ್ನು ಪಾರುಗಾಣಿಕೆ. ಹಿಮದಡಿ ಹೂತವರನ್ನು ಮೊದಲ ಕಾಲು ಗಂಟೆಯಲ್ಲಿ ತೆಗೆದರೆ ಬಹುಪಾಲು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಸುಮಾರು ಮೂರರಲ್ಲಿ ಒಬ್ಬರು. ಸಿಯಾಚಿನ್‌ನಲ್ಲಿ 2016ರ ಫೆಬ್ರುವರಿ 3ರಂದು ಹೂತುಹೋಗಿ ಆರನೇ ದಿನ ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಈ ಲೆಕ್ಕಕ್ಕೆ ಸಿಗದವರು. ಅವರೂ 11ರಂದು ತೀರಿಕೊಂಡರು. ಹೆಲಿಕಾಪ್ಟರ್ ಬರುವುದರೊಳಗೆ ಕಾಲ ಮೀರಿರುತ್ತದೆ, ಆದ್ದರಿಂದ ಬದುಕಿಸುವವನು ಪಕ್ಕದಲ್ಲಿದ್ದವನೇ. ಅವನ ಮೈಮೇಲೆ ಸಂಕೇತಯಂತ್ರ, ಬೆನ್ನಚೀಲದಲ್ಲಿ ಉದ್ದದ ಸರಳು, ಸಲಿಕೆ. ನಮ್ಮವನಿಗೆ ಕೊಡ, ನೆರಳು, ಬೀಸಲೊಂದು ರಟ್ಟು. ಜೊತೆಗಾರ ತೊದಲಿದರೆ, ತೂರಾಡಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ ಬಿಸಿಲು ಬಡಿದಿದೆಯೆಂದೇ ಹಿಡಿಯಬೇಕು. ಬೆವರು ನಿಂತಿಲ್ಲವೆಂದು ಕಾಯಬಾರದು. ನಡೆದು ದಣಿದವರಿಗೆ ಬೆವರುತ್ತಿರುವಾಗಲೇ ಬಡಿಯುತ್ತದೆ. 108ಕ್ಕೆ ಒಬ್ಬ ಫೋನ್ ಮಾಡಲಿ. ಉಳಿದವರು ಅಂಗಿ ಬಿಚ್ಚಿ, ಮೈತುಂಬ ನೀರು ಸುರಿದು, ಬೀಸುತ್ತಲೇ ಇರಲಿ. ಅರ್ಧ ಗಂಟೆಯೊಳಗೆ ಮೈಯ ಉರಿ ಇಳಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು. ಜ್ವರದ ಗುಳಿಗೆಯಿಂದ ಈ ಉರಿ ಇಳಿಯದು.

ಪ್ರೌಢ ತರಗತಿಯ ಕೊನೆಯ ನಿಯಮ ಗುಂಪಿನದು: ತಿರುಗೋಣ ಎಂದು ಒಬ್ಬರೇ ಹೇಳಿದರೂ ಎಲ್ಲರೂ ತಿರುಗಬೇಕು, ಕಾರಣ ಆಮೇಲೆ ಕೇಳಬೇಕು. ನಮ್ಮ ದಿಂಡಿಗಳಲ್ಲಿ ಈ ಮಾತು ಮೊದಲು ಬರುವುದು ಹೆಣ್ಣುಮಕ್ಕಳ ಸಾಲಿನಿಂದ. “ಸಾಕ್ರೀ ಅಣ್ಣಾರ, ಇಲ್ಲೇ ಬೇವಿನ ಗಿಡದ ಕೆಳಗ ಕುಂಡ್ರೂಣು” ಎಂದು ಯಾವುದೋ ಮಾವಶಿ ಅನ್ನುತ್ತಾಳೆ. ಅವಳ ಮಾತನ್ನು ಸೋಮಾರಿತನದ ಲೆಕ್ಕಕ್ಕೆ ಹಾಕುವ ಪದ್ಧತಿ ಇದೆ. ಈ ಶಾಸ್ತ್ರದ ಪ್ರಕಾರ ಅವಳಿಗೆ ಸೀಟಿ ಕೊಟ್ಟು ಮುಂದಾಳು ಮಾಡಬೇಕು.

ಹಾಗಾದರೆ ರಾತ್ರಿಯೇ ನಡೆಯೋಣ ಎಂಬ ಪಕ್ಷವೊಂದಿದೆ. ಬಿಸಿಲಿನ ಮಟ್ಟಿಗೆ ಅದು ನಿರ್ದುಷ್ಟ. ಬೆನ್ನಿಗೆ ಹೊಳೆಯುವ ಪಟ್ಟಿ ಹಚ್ಚಿಕೊಂಡು, ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಗಡೆ ನಡೆಯಬೇಕು. ಆದರೆ ಬಿಳಿ ಪಟ್ಟಿಯ ಮೇಲೆ ನಡೆಯುವ ಜಾಣ ಉಪಜಾತಿಗೆ ಅದೇ ಪಟ್ಟಿ ರಾತ್ರಿ ವೈರಿ, ಯಾಕೆಂದರೆ ಕಬ್ಬಿನ ಟ್ರ್ಯಾಕ್ಟರು, ಲಾರಿಗಳೂ ಅದನ್ನೇ ನೋಡಿಕೊಂಡು ಓಡುತ್ತವೆ. ಅವುಗಳ ವರ್ಗೀಕರಣಕ್ಕೆ ಬೇರೆ ಗ್ರಂಥ ಬೇಕು, ಅದರ ಮೊದಲ ಅಧ್ಯಾಯವೇ ಹಿಂದಿನ ದೀಪವಿಲ್ಲದ ಟ್ರಾಲಿಗಳದು.