ಡಿಕ್ಕಿ ಮೀಮಾಂಸೆ

ಕಾರಿನಲ್ಲಿ ಸಾಮಾನು ಇರುತ್ತದೆ ಎಂಬುದು ಲೋಕವಿದಿತ. ಆದರೆ ಆ ಸಾಮಾನು ಯಾರದು, ಪ್ರಯಾಣಿಕರದೋ ಕಾರಿನದೋ? ಈ ಮೂಲಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಿದಂತಿಲ್ಲ. ವೈಶೇಷಿಕದ ಕಣಾದನಿಗೆ ಕಾರಿರಲಿಲ್ಲ. ಕಾರಿದ್ದ ಹೆನ್ರಿ ಫೋರ್ಡನಿಗೆ ವೈಶೇಷಿಕದ ಗೊಡವೆ ಇರಲಿಲ್ಲ. ಹೀಗಾಗಿ ಈ ಭಾರ ನಮ್ಮ ತಲೆಗೆ ಬಂದಿದೆ.

ಅಧ್ಯಯನದ ವ್ಯಾಪ್ತಿ ಅಂಬಾಸಿಡರ್ ಕಾರಿಗೆ ಸೀಮಿತ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1957ರಲ್ಲಿ ಜನ್ಮ ತಳೆದ ಈ ವಾಹನ 2014ರವರೆಗೆ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಬಾಳಿತು. ಪ್ರಯೋಗ ಮಾಡುವಾಗ ಒಂದು ಅಂಶವನ್ನಾದರೂ ಬದಲಿಸದೆ ಇಡಬೇಕು ಎನ್ನುತ್ತಾರಲ್ಲ, ಹಿಂದೂಸ್ತಾನ್ ಮೋಟರ್ಸ್ ಆ ನಿಯಮವನ್ನು ಅರ್ಧ ಶತಮಾನಕ್ಕೂ ಮೀರಿ ನಿಷ್ಠೆಯಿಂದ ಪಾಲಿಸಿತು. ಪ್ರೀಮಿಯರ್ ಪದ್ಮಿನಿಯ ಪಕ್ಷದವರು ಬೇಸರಿಸಬಾರದು. ಅದು ಚಿಕ್ಕ ಸಂಸಾರದವರಿಗೆ ರಚಿತವಾದ ಸಂಗ್ರಹ ಆವೃತ್ತಿ. ನಾವು ಮೂಲಗ್ರಂಥವನ್ನೇ ಹಿಡಿದಿದ್ದೇವೆ.

ಮೊದಲು ಪೂರ್ವಪಕ್ಷ. ಸಾಮಾನಿಗೂ ಕಾರಿಗೂ ಇರುವುದು ಬರೀ ಸಂಯೋಗ. ಹಗ್ಗ ಬಿಚ್ಚಿ ಇಳಿಸಿದರೆ ಮುಗಿಯಿತು ಎಂದು ಕೆಲವರ ವಾದ. ಇವರು ಹಗ್ಗ ಬಿಚ್ಚಿದವರಲ್ಲ. ಸಿದ್ಧಾಂತವೇನೆಂದರೆ, ಅದು ಸಮವಾಯ. ನೂಲಿಗೂ ಬಟ್ಟೆಗೂ ಇರುವಂಥ, ಬೇರ್ಪಡಿಸಲಾಗದ ಸಂಬಂಧ. ಪ್ರಮಾಣ ಬೇಕೆ? ಬೆಂಗಳೂರಿನ ಒಂದು ಕುಟುಂಬ ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೊರಟರೆ ಎರಡು ಬ್ಯಾಗು, ಒಂದು ನೀರಿನ ಬಾಟಲಿ. ಅದೇ ಕುಟುಂಬ ಅಂಬಾಸಿಡರಿನಲ್ಲಿ ಹೊರಟರೆ ಹೋಲ್ಡಾಲು, ಜಮಖಾನ, ಪಂಪ್ ಸ್ಟೋವು, ಅದಕ್ಕೆ ಸೀಮೆಎಣ್ಣೆ, ಪುಳಿಯೋಗರೆ ಗೊಜ್ಜು, ಗೊಜ್ಜು ಸೋರಿದರೆ ಒರೆಸಲು ಹಳೇ ಪಂಚೆ, ಮಳೆಗಾಲವಲ್ಲದಿದ್ದರೂ ಕೊಡೆ, ಹೇಗೂ ಆ ಕಡೆ ಹೋಗ್ತೀರಲ್ಲ ಎಂದು ಪಕ್ಕದ ಮನೆಯವರು ಕೊಟ್ಟ ಉಜಿರೆಯ ಪಾರ್ಸೆಲ್ಲು. ಜನ ಅವರೇ, ದೇವರು ಅವನೇ, ಹರಕೆಯೂ ಅದೇ. ಬದಲಾದದ್ದು ವಾಹನ ಮಾತ್ರ. ಆದ್ದರಿಂದ ಸಾಮಾನು ಎಂಬುದು ವಾಹನದ ಗುಣವೆಂದು ಸಿದ್ಧವಾಯಿತು.

ಇನ್ನು 'ಜಾಗವಿಲ್ಲ' ಎಂಬುದರ ವಿಚಾರ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು: ಬೆಳಗಿನ ಐದಕ್ಕೆ ಹೊರಡೋಣ ಎಂದ ಮನೆಯಲ್ಲಿ ಎಂಟೂವರೆಯವರೆಗೂ ಇರುವ ಸ್ಥಿತಿ. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ: ಎಡೆಯೂರಿನ ನಲ್ಲಿಯ ಪಕ್ಕ ಮರೆತುಬಂದ ಚೊಂಬು. ಅನ್ಯೋನ್ಯಾಭಾವವೆಂದರೆ ಇದು ಅದಲ್ಲ ಎಂಬುದು: ಬಿಚ್ಚಿದ ಚೀಲ ಎಂದೂ ಬೇಕಾದ ಚೀಲವಲ್ಲ. ಮೂರಕ್ಕೂ ನಮ್ಮ ತಕರಾರಿಲ್ಲ. ನಾಲ್ಕನೆಯದಾದ ಅತ್ಯಂತಾಭಾವ, ಅಂದರೆ ಮೂರು ಕಾಲಕ್ಕೂ ಇಲ್ಲದಿರುವಿಕೆ, ಅಂಬಾಸಿಡರಿನ ಡಿಕ್ಕಿಯ ಮುಂದೆ ನಿಲ್ಲಲಾರದು.

"ಇನ್ನೇನೂ ಹಿಡಿಯಲ್ಲ ಅಮ್ಮಾ."

"ಹಿಡಿಯತ್ತೆ ಕಣಪ್ಪ. ಆ ಹೋಲ್ಡಾಲು ಒಂಚೂರು ಒತ್ತು."

ಡ್ರೈವರು ಮೊಣಕಾಲು ಕೊಟ್ಟು ಒತ್ತುತ್ತಾನೆ. ಹಿಡಿಯುತ್ತದೆ! ತರ್ಕಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೌದ್ಧರಿಂದಲೂ ಬಿದ್ದಿರಲಿಲ್ಲ.

ಭೌತಿಕ ಪರಿಣಾಮಗಳನ್ನು ಬೇಗ ಮುಗಿಸೋಣ. ಹಿಂದಿನ ಚಕ್ರಗಳ ಮೇಲಿನ ಕಮಾನು ಪ್ಲೇಟುಗಳು ಬಾಗು ಕಳೆದುಕೊಂಡು ನೆಟ್ಟಗಾಗುತ್ತವೆ. ಬಾಲ ತಗ್ಗಿ ಮೂತಿ ಏಳುತ್ತದೆ. ಕೊಟ್ಟಿಗೆಹಾರ ದಾಟುವ ಹೊತ್ತಿಗೆ ಕತ್ತಲಾದರೆ, ಚಾರ್ಮಾಡಿಯ ತಿರುವುಗಳಲ್ಲಿ ಹೆಡ್‌ಲೈಟು ರಸ್ತೆಯನ್ನು ಬಿಟ್ಟು ಮರಗಳ ನೆತ್ತಿಯನ್ನು ತೋರಿಸುತ್ತದೆ. ಕ್ಯಾರಿಯರಿನ ಮೇಲೂ ಹೇರಿದ್ದರೆ ಭಾರದ ಕೇಂದ್ರ ಮೇಲಕ್ಕೆ ಹೋಗಿ, ಪ್ರತಿ ತಿರುವಿನಲ್ಲೂ ಕಾರು ಕಣಿವೆಯ ಕಡೆಗೆ ಬಗ್ಗಿ ನೋಡುತ್ತದೆ. ಆಗ ಒಳಗಿನ ಭಕ್ತಿ ಎಷ್ಟು ವೃದ್ಧಿಸುತ್ತದೆಂಬುದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ.

ನಿಜವಾದ ಪರೀಕ್ಷೆ ವಾಪಸಾಗುವಾಗ. ತಂದದ್ದು ಖರ್ಚಾಗಿ ಡಿಕ್ಕಿ ಖಾಲಿಯಾದೀತೆಂಬುದು ಅನನುಭವಿಗಳ ಊಹೆ. ಉಜಿರೆಯ ನೆಂಟರು ಅಂಗಳಕ್ಕೆ ಬಂದು, "ಎರಡು ಹಲಸಿನಕಾಯಿ ಅಲ್ವಾ ಮಾರಾಯ್ರೇ, ಇಷ್ಟು ದೊಡ್ಡ ಕಾರುಂಟು" ಎನ್ನುತ್ತಾರೆ. ಗಮನಿಸಿ, ಅವರು ನೋಡುತ್ತಿರುವುದು ನಿಮ್ಮನ್ನಲ್ಲ, ಕಾರನ್ನು. ಎರಡು ಹಲಸು, ಒಂದು ಬಾಳೆಗೊನೆ, ಕುಚ್ಚಲಕ್ಕಿ, ಹಪ್ಪಳದ ಕಟ್ಟು. ಇಷ್ಟನ್ನು ಹೊತ್ತು ಘಾಟಿ ಹತ್ತುವಾಗ ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಪಂಪು ಎಣ್ಣೆಯ ಬದಲು ಆವಿಯನ್ನೇ ಎಳೆದು, ಕಾರ್ಬ್ಯುರೇಟರು ಬಾಯಿ ಒಣಗಿ, ಗಾಡಿ ನಿಲ್ಲುತ್ತದೆ. ಡ್ರೈವರು ಇಳಿದು ಹಿಂದಿನ ಟೈರಿಗೆ ಕಲ್ಲು ಕೊಡುತ್ತಾನೆ. ಘಾಟಿಯ ತುಂಬ ಕಲ್ಲಿದ್ದರೂ ಆತ ಬೆಂಗಳೂರಿನಿಂದ ತಂದ ತನ್ನ ಕಲ್ಲನ್ನೇ ಡಿಕ್ಕಿಯಿಂದ ತೆಗೆಯುವುದನ್ನು ವಿದ್ವಾಂಸರು ಗಮನಿಸಬೇಕು. ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಆವಿ ತಣಿದು ಮತ್ತೆ ಎಣ್ಣೆಯಾಗುತ್ತದೆ. ಹಳೇ ಪಂಚೆ ಇದೆ, ಹಲಸಿನಕಾಯಿಗಳ ಅಡಿಯಲ್ಲಿ. ಕೊನೆಗೆ ಡ್ರೈವರು ಹೆಗಲ ಮೇಲಿನ ಟವೆಲ್ಲನ್ನೇ ನೆನೆಸಿ ಸುತ್ತಿ, ಬಾನೆಟ್ಟು ತೆರೆದಿಟ್ಟು ಬೀಡಿ ಹಚ್ಚಲು ದೂರ ಹೋಗುತ್ತಾನೆ.

ಇಷ್ಟಾದರೂ ಪೂರ್ವಪಕ್ಷದವರು ಸೋಲೊಪ್ಪುವುದಿಲ್ಲ. ಸಾಮಾನು ತಂದದ್ದು ಸಂಸಾರ, ಕಾರನ್ನೇಕೆ ದೂರುತ್ತೀರಿ ಎನ್ನುತ್ತಾರೆ. ಇವರಿಗೆ ಉತ್ತರ ಇತ್ತೀಚಿನ ವರ್ಷಗಳಲ್ಲಿ ದೊರೆತಿದೆ. ಈಗ ಅಂಬಾಸಿಡರನ್ನು ಸಾಕುವವರು ಅದನ್ನು ಕ್ಲಾಸಿಕ್ ಎಂದು ಕರೆದು, ಬಣ್ಣ ಹೊಡೆಸಿ, ಭಾನುವಾರಗಳಲ್ಲಿ ಹೊರಡಿಸುತ್ತಾರೆ. ಇವರ ಡಿಕ್ಕಿಯನ್ನು ತೆರೆದು ನೋಡಿ. ಫ್ಯಾನ್ ಬೆಲ್ಟು, ರೇಡಿಯೇಟರಿನ ಹೋಸು, ಪಾಯಿಂಟ್ ಸೆಟ್ಟು, ಕಂಡೆನ್ಸರು, ಕಾಯಿಲು, ಪಂಪಿನ ಕಿಟ್ಟು, ಒಂದು ಕ್ಯಾನು ತುಂಬ ನೀರು. ಇಪ್ಪತ್ತು ಲೀಟರಿನ ಕ್ಯಾನಾದರೆ ನೀರೊಂದೇ 20 ಕಿಲೋ. ಇದರಲ್ಲಿ ಮನುಷ್ಯ ಉಡುವ, ಉಣ್ಣುವ ವಸ್ತು ಒಂದಾದರೂ ಇದೆಯೇ? ಎಲ್ಲವೂ ಕಾರಿನದೇ ಲಗೇಜು. ಯಾತ್ರೆಗೆ ಹೊರಟಿರುವುದು ಅದು, ಮಾಲೀಕ ಹಮಾಲಿ.

ಇಂಥ ಒಬ್ಬರ ಮನೆಯಾಕೆ ತಮ್ಮ ಬ್ಯಾಗಿಗೆ ಡಿಕ್ಕಿಯಲ್ಲಿ ಜಾಗ ಸಿಗದೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದರೆಂದೂ, ಧರ್ಮಸ್ಥಳದಲ್ಲಿ ದರ್ಶನ, ಊಟ ಮುಗಿಸಿ ಫೋನು ಮಾಡಿದಾಗ ಯಜಮಾನರು ಚನ್ನರಾಯಪಟ್ಟಣದ ಆಚೆ ಮಗ್ಗುಲಲ್ಲಿ ಮಲಗಿ ಕಾರಿನ ಹೊಟ್ಟೆ ನೋಡುತ್ತಿದ್ದರೆಂದೂ ಮೌಖಿಕ ಪರಂಪರೆಯಲ್ಲಿದೆ. ಬರುವಾಗ ಎರಡು ಹಲಸಿನಕಾಯಿ ತರಲು ಆಕೆ ಮರೆಯದೆ ಹೇಳಿದರಂತೆ.